ಸ್ಮಿಯರ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್: ಒಂದು ಕಫ ಪರೀಕ್ಷೆಯ ವಿಮರ್ಶೆ

ಹದಿನೈದು ವರ್ಷಗಳ ಹಿಂದೆ ಕ್ಷಯದಿಂದ ಗುಣವಾಗಿದ್ದ ನಮ್ಮ ದೊಡ್ಡಪ್ಪನವರಿಗೆ ಮತ್ತೆ ಕೆಮ್ಮು, ಸಂಜೆಯ ಜ್ವರ ಕಾಣಿಸಿಕೊಂಡಾಗ, ಖಾಸಗಿ ಲ್ಯಾಬೊಂದು ಕೊಟ್ಟ ‘ಎಎಫ್‌ಬಿ 2+’ (ಬಣ್ಣ ಹಿಡಿದಿಟ್ಟುಕೊಳ್ಳುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡಿವೆ) ಎಂಬ ಸ್ಮಿಯರ್, ಅಂದರೆ ಕಫವನ್ನು ಗಾಜಿಗೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯ, ವರದಿಯೊಂದರ ಮೇಲೆಯೇ ಕ್ಷಯದ ಮಾತ್ರೆಗಳು ಆರಂಭವಾದವು. ಎರಡು ತಿಂಗಳು ಕಳೆದರೂ ಕಫ ಪಾಸಿಟಿವ್ ಆಗಿಯೇ ಉಳಿದದ್ದರಿಂದ ಇದು ಔಷಧಕ್ಕೆ ಬಗ್ಗದ ಎಂಡಿಆರ್ ಕ್ಷಯವೇ ಇರಬೇಕೆಂದು ಮನೆಮಂದಿ ಹೆದರಿ, ಅವರ ತಟ್ಟೆ, ಲೋಟಗಳನ್ನೂ ಬೇರೆ ಇಟ್ಟರು. ಈ ವಿಮರ್ಶೆ ಆ ಬಳಿಕ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಿಸಿದ ಸಿಬಿನ್ಯಾಟ್, ಅಂದರೆ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಯಂತ್ರದಲ್ಲಿ ಹುಡುಕುವ ಪರೀಕ್ಷೆಯನ್ನು ಕುರಿತದ್ದು.

ಮೊದಲ ಡಬ್ಬಿಯನ್ನು ತಂತ್ರಜ್ಞೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ‘ಇದು ಬರೀ ಎಂಜಲು, ಬೆಳಿಗ್ಗೆ ಎದ್ದಕೂಡಲೇ ಆಳದಿಂದ ಕೆಮ್ಮಿ ತನ್ನಿ’ ಎಂದು ಹಿಂದಿರುಗಿಸಿದರು. ಮರುದಿನದ ಮಾದರಿಯನ್ನು ಯಂತ್ರಕ್ಕಿಟ್ಟ ಎರಡು ಗಂಟೆಯೊಳಗೆ ‘ಎಂಟಿಬಿ ನಾಟ್ ಡಿಟೆಕ್ಟೆಡ್’ (ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾಗಿಲ್ಲ) ಎಂದು ಬಂದಿತು. ಮತ್ತೊಂದು ಮಾದರಿಯಲ್ಲೂ ಅದೇ ಉತ್ತರ. ಯಂತ್ರ ಕೆಟ್ಟಿರಬೇಕೆಂದು ಖಾಸಗಿ ಲ್ಯಾಬಿನವರು ಹೇಳಿದರು. ಆದರೆ ಕೆಟ್ಟದ್ದು ಯಂತ್ರವಲ್ಲ. ಸ್ಮಿಯರ್‌ಗೆ ಹಾಕುವ ಜೀಲ್-ನೀಲ್ಸನ್ ಬಣ್ಣಕ್ಕೆ ಮೇಣದಂಥ ಹೊದಿಕೆಯಿರುವ ಯಾವ ಮೈಕೋಬ್ಯಾಕ್ಟೀರಿಯಾ (ಕ್ಷಯದ ಬ್ಯಾಕ್ಟೀರಿಯಾವೂ ಸೇರಿದ ಕುಲ) ಆದರೂ ಕೆಂಪು ಕಡ್ಡಿಯಾಗಿಯೇ ಕಾಣುತ್ತದೆ. ಸಿಬಿನ್ಯಾಟ್ ಹುಡುಕುವುದು ಕ್ಷಯದ ಬ್ಯಾಕ್ಟೀರಿಯಾ ಗುಂಪಿನ ಆರ್‌ಪಿಒಬಿ ಜೀನನ್ನು, ಮತ್ತು ಅದರಲ್ಲಿ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧ ತರುವ ಬದಲಾವಣೆಗಳನ್ನು ಮಾತ್ರ. ಸ್ಮಿಯರ್ ಪಾಸಿಟಿವ್ ಇರುವ ನಿಜವಾದ ಕ್ಷಯರೋಗಿಗಳಲ್ಲಿ ನೂರಕ್ಕೆ ಸುಮಾರು 98 ಮಂದಿಯನ್ನು ಈ ಪರೀಕ್ಷೆ ಹಿಡಿಯುವುದರಿಂದ, ಸ್ಮಿಯರ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್ ಎಂಬ ಜೋಡಿ ಬಂದಾಗ ಮೊದಲು ಶಂಕಿಸಬೇಕಾದದ್ದು ಎನ್‌ಟಿಎಂ, ಅಂದರೆ ಕ್ಷಯೇತರ ಮೈಕೋಬ್ಯಾಕ್ಟೀರಿಯಾ. ಹಳೆಯ ಕ್ಷಯದ ಗಾಯವಿರುವ ಶ್ವಾಸಕೋಶ ಅದಕ್ಕೆ ಒಳ್ಳೆಯ ನೆಲೆ. ಕ್ಷಯದ ಔಷಧಗಳಾದ ಐಸೋನಿಯಜಿಡ್, ಪಿರಜಿನಮೈಡ್‌ಗಳಿಗೆ ಅದು ಸಾಮಾನ್ಯವಾಗಿ ಜಗ್ಗದ ಕಾರಣ ಎಂಡಿಆರ್‌ನ ವೇಷ ಸಲೀಸಾಗಿ ಧರಿಸುತ್ತದೆ.

ಮುಂದಿನ ಲಿಕ್ವಿಡ್ ಕಲ್ಚರ್‌ಗೆ (ಕಫದ ಬ್ಯಾಕ್ಟೀರಿಯಾವನ್ನು ದ್ರವದಲ್ಲಿ ಬೆಳೆಸುವ ಪರೀಕ್ಷೆ) 42 ದಿನಗಳವರೆಗೂ ಕಾಯಬೇಕು. ನಮ್ಮಲ್ಲಿ ಮೂರನೇ ವಾರ ಬೆಳವಣಿಗೆ ಕಂಡಿತು. ಕ್ಷಯದ ಗುರುತಾದ ಎಂಪಿಟಿ64 ಪ್ರೋಟೀನ್ ಪರೀಕ್ಷೆ ನೆಗೆಟಿವ್. ಡಿಎನ್‌ಎಯಿಂದ ಬ್ಯಾಕ್ಟೀರಿಯಾದ ಜಾತಿ ಗುರುತಿಸುವ ಲೈನ್ ಪ್ರೋಬ್ ಪಟ್ಟಿಯಲ್ಲಿ ಹೊರಬಂದ ಹೆಸರು ಎನ್‌ಟಿಎಂಗಳಲ್ಲೊಂದಾದ ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲಾರೆ. ಇವು ನೀರು, ಮಣ್ಣಿನಲ್ಲಿಯೂ ಇರುವುದರಿಂದ ಒಂದೇ ಕಲ್ಚರನ್ನು ನಂಬದೆ ಬೇರೆ ಕಫದಲ್ಲೂ ಅದೇ ಬೆಳೆದ ಮೇಲೆಯೇ ವೈದ್ಯರು ಅಜಿತ್ರೋಮೈಸಿನ್, ಎಥಾಂಬುಟಾಲ್, ರಿಫಾಂಪಿಸಿನ್ ಬರೆದರು. ಎರಡು ರೋಗಕ್ಕೂ ರಿಫಾಂಪಿಸಿನ್ ಬಳಕೆಯಾಗುವುದು ವಿಚಿತ್ರವೆನಿಸಿದರೂ ಇಲ್ಲಿ ಅವಧಿ ಬೇರೆ: ಕಲ್ಚರ್ ನೆಗೆಟಿವ್ ಆದ ಬಳಿಕವೂ ಕನಿಷ್ಠ 12 ತಿಂಗಳು. ತಟ್ಟೆ, ಲೋಟ ಅಂದೇ ಅಡುಗೆಮನೆಗೆ ಮರಳಿದವು.

ದೋಷಗಳೂ ಇವೆ. ನಾವು ಮಾಡಿಸಿದ ಪರೀಕ್ಷೆ ಐಸೋನಿಯಜಿಡ್ ಪ್ರತಿರೋಧವನ್ನು ನೋಡುವುದೇ ಇಲ್ಲ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಎಣಿಸುವುದರಿಂದ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅಳೆಯಲು ಒದಗದು. ಗೋವಾದ ಮೋಲ್ಬಯೋ ತಯಾರಿಸುವ ಟ್ರೂನ್ಯಾಟ್ ಎಂಬ ಇಂಥದೇ ಯಂತ್ರ ಬ್ಯಾಟರಿಯಲ್ಲಿ ನಡೆಯುವುದರಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೆಚ್ಚು ಹೊಂದುತ್ತದೆ, ಆದರೆ ಎನ್‌ಟಿಎಂ ವಿಷಯದಲ್ಲಿ ಅದರ ಮೌನವೂ ಇಷ್ಟೇ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಮುದ್ರಿತ ವರದಿಗೆ, ಏಕೆಂದರೆ ನೆಗೆಟಿವ್ ಬಂದಾಗ ಮುಂದೇನು ಎಂಬ ಒಂದು ಸಾಲೂ ಅದರಲ್ಲಿಲ್ಲ. ನಮ್ಮ ಪ್ರತಿಯ ಅಂಚಿನಲ್ಲಿ ‘ಕಲ್ಚರ್‌ಗೆ ಕಳುಹಿಸಿ’ ಎಂದು ಪೆನ್ನಿನಲ್ಲಿ ಬರೆದುಕೊಟ್ಟದ್ದು, ಮೊದಲ ಡಬ್ಬಿಯನ್ನು ಹಿಂದಿರುಗಿಸಿದ ಆ ತಂತ್ರಜ್ಞೆಯೇ.