ರಾತ್ರಿ ಪಾಳಿಗೆ ಮೂರನೇ ದರ್ಜೆಯ ಪ್ರತಿಫಲಕ ಜಾಕೆಟ್: ಐದು ತಿಂಗಳ ಬಳಕೆಯ ನಂತರ

ಹೆದ್ದಾರಿಗೆ ಡಾಂಬರು ಹಾಕುವ ನಮ್ಮ ತಂಡ ಐಎಸ್‌ಒ 20471 ಎಂಬ, ದೂರದಿಂದಲೇ ಎದ್ದುಕಾಣುವ ಉಡುಪುಗಳ ಅಂತರರಾಷ್ಟ್ರೀಯ ಮಾನದಂಡದ ಮೂರನೇ ದರ್ಜೆಯ ಪೂರ್ಣ ತೋಳಿನ ಜಾಕೆಟ್‌ಗಳನ್ನು ಐದು ತಿಂಗಳು ಹಗಲಿರುಳು ತೊಟ್ಟಿದೆ. ಮೊದಲು ನಮ್ಮಲ್ಲಿದ್ದದ್ದು ಎರಡನೇ ದರ್ಜೆಯ, ತೋಳಿಲ್ಲದ ಅಂಗಿ. ಕಾಗದದ ಮೇಲಿನ ವ್ಯತ್ಯಾಸ ಸಣ್ಣದು: ಹೊಳೆಯುವ ಬಣ್ಣದ ಬಟ್ಟೆಯ ಕನಿಷ್ಠ ವಿಸ್ತೀರ್ಣ 0.50ರಿಂದ 0.80 ಚದರ ಮೀಟರಿಗೂ ಪ್ರತಿಫಲಕ ಪಟ್ಟಿಯದು 0.13ರಿಂದ 0.20ಕ್ಕೂ ಏರುತ್ತದೆ. ರಸ್ತೆಯಲ್ಲಿ ಕಂಡದ್ದೇ ಬೇರೆ. ತೋಳಿಗೆ ಸುತ್ತಿದ ಪಟ್ಟಿ ಕೈಯಾಡಿದಾಗಲೆಲ್ಲ ಮಿನುಗುವುದರಿಂದ, ದೂರದಿಂದ ಬರುವ ಚಾಲಕನಿಗೆ ಅಲ್ಲಿರುವುದು ಕೋನ್ ಅಲ್ಲ, ಮನುಷ್ಯ ಎಂಬುದು ಬೇಗ ತಿಳಿಯುತ್ತದೆ. ಗಂಟೆಗೆ 100 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಮುಂದೆ ಬಂದಿರುತ್ತದೆ. ನಾವು ಹೆಚ್ಚಿನ ಹಣ ತೆತ್ತದ್ದು ಆ ಒಂದು ಸೆಕೆಂಡಿಗೆ.

ಬಣ್ಣದ ಆಯ್ಕೆಯಲ್ಲಿ ಮಾತ್ರ ನಾವು ಎಡವಿದೆವು. ಕಿತ್ತಳೆ ಜಾಕೆಟ್ ತೊಟ್ಟವರು ಕಿತ್ತಳೆ ಕೋನ್‌ಗಳ ಸಾಲಿನಲ್ಲಿ ಬೆರೆತುಹೋಗುತ್ತಿದ್ದರು. ಎರಡನೇ ಕಂತಿನಲ್ಲಿ ಹಳದಿ ಬಣ್ಣದವನ್ನು ತರಿಸಿದೆವು. ಆ ಬಣ್ಣ ಕತ್ತಲಲ್ಲೂ ಹೊಳೆಯುತ್ತದೆಂದು ನಮ್ಮಲ್ಲಿ ಹಲವರು ನಂಬಿದ್ದರು (ನಾನೂ ಒಂದು ಕಾಲಕ್ಕೆ ನಂಬಿದ್ದೆ). ಅದು ಹಗಲಿನ ನೇರಳಾತೀತ ಕಿರಣಗಳನ್ನು ಕಾಣುವ ಬೆಳಕಾಗಿ ಮಾರ್ಪಡಿಸುವ ಬಣ್ಣ. ರಾತ್ರಿ ದುಡಿಯುವುದು ಪಟ್ಟಿಯ ಮೇಲಿನ ಸೂಕ್ಷ್ಮ ಗಾಜಿನ ಮಣಿಗಳು. ಅವು ಹೆಡ್‌ಲೈಟ್ ಬೆಳಕನ್ನು ಅದು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ.

ಹಿಂದಕ್ಕೆ ಚಲಿಸುವ ಟಿಪ್ಪರಿನ ವಿಷಯದಲ್ಲಿ ಈ ಜಾಕೆಟ್ ಸೋಲುವುದು ಅದೇ ಕಾರಣಕ್ಕೆ. ಒಂದು ರಾತ್ರಿ ನಮ್ಮ ಕೆಲಸಗಾರರೊಬ್ಬರು ಹೊಚ್ಚಹೊಸ ಜಾಕೆಟ್ ತೊಟ್ಟು ಟಿಪ್ಪರಿನ ಹಿಂಬದಿಯ ಎಡ ಮೂಲೆಯಲ್ಲಿ ನಿಂತಿದ್ದರು. ಚಾಲಕನ ಕನ್ನಡಿಗೆ ಆ ಮೂಲೆ ನಿಲುಕುವುದಿಲ್ಲ, ಅಲ್ಲಿಗೆ ಹೆಡ್‌ಲೈಟ್ ಬೀಳುವ ಮಾತೂ ಇಲ್ಲ. ದಾರಿ ತೋರುವವನ ಸೀಟಿ ಕೇಳಿ ಟಿಪ್ಪರ್ ನಿಂತಿತು. ಅಂದಿನಿಂದ ಸೀಟಿ ಊದುವ ಆಳಿಲ್ಲದೆ ಯಾವ ಟಿಪ್ಪರನ್ನೂ ನಾವು ಹಿಂದಕ್ಕೆ ಬಿಡುತ್ತಿಲ್ಲ.

ಹೊಲಿಗೆ ಗಟ್ಟಿಯಾಗಿದೆ, ಜೇಬುಗಳು ಸಾಲುತ್ತವೆ. ಬಿಸಿ ಡಾಂಬರಿನ ಪಕ್ಕದಲ್ಲಿ ಸೆಕೆ ವಿಪರೀತ. ನನ್ನ ದೊಡ್ಡ ತಕರಾರು ಜಿಪ್ಪಿನ ಬಗ್ಗೆ: ಜಾಕೆಟಿನ ಅಂಚು ಯಂತ್ರಕ್ಕೆ ಸಿಕ್ಕಿದರೆ ವೆಲ್ಕ್ರೋ ಕಿತ್ತು ಬರುತ್ತದೆ, ಜಿಪ್ ಬರುವುದಿಲ್ಲ. ಡಾಂಬರಿನ ಕಲೆ ಅಂಟಿದ ಪಟ್ಟಿ ಎಷ್ಟು ಒಗೆದರೂ ಮೊದಲಿನಂತೆ ಮಿನುಗಲಿಲ್ಲ. ಹಾಗಾಗಿ ಹದಿನಾಲ್ಕರಲ್ಲಿ ಮೂರನ್ನು ಈಗಾಗಲೇ ಬಳಕೆಯಿಂದ ತೆಗೆದಿದ್ದೇವೆ. ಇದೇ ದರ್ಜೆಯನ್ನು ಮತ್ತೆ ಕೊಳ್ಳುತ್ತೇವೆ, ಆದರೆ ವೆಲ್ಕ್ರೋ ಇರುವುದನ್ನು, ತಲೆಗೆರಡರಂತೆ.