ಇಳಕಲ್ ಸೀರೆಯ ಅಂಗಡಿಯಲ್ಲಿ ಒಂದು ಸೈನೇಜ್ ಪ್ಲೇಯರ್: ಏಳು ತಿಂಗಳ ಬಳಕೆಯ ಮೇಲೆ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅಂಗಡಿಯಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಬಿಟ್ಟರೆ ಬೇರೆ ಮಾಲಿಲ್ಲ. ಕೈಮಗ್ಗದ ಸೀರೆಗೂ ಪವರ್‌ಲೂಮಿನ ಸೀರೆಗೂ ದರದಲ್ಲಿ ಇಷ್ಟು ಅಂತರ ಏಕೆ ಎಂದು ಕೇಳುವ ಗಿರಾಕಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ವಿಡಿಯೊ ಮಾಡಿಸಿ ಗೋಡೆಯ ಮೇಲಿನ 43 ಇಂಚಿನ ಟಿವಿಯಲ್ಲಿ ದಿನವಿಡೀ ತೋರಿಸೋಣ ಎಂದು ನಿರ್ಧರಿಸಿದೆವು. ಟಿವಿಗೆ ನೇರವಾಗಿ ಪೆನ್ ಡ್ರೈವ್ ಹಾಕಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ರಿಮೋಟ್ ಹಿಡಿದು ಮತ್ತೆ ಆರಂಭಿಸಬೇಕಾಗುತ್ತದೆ. ಆ ತಾಪತ್ರಯ ಬೇಡವೆಂದು ಒಂದು ಸೈನೇಜ್ ಪ್ಲೇಯರ್, ಅಂದರೆ ಪೆನ್ ಡ್ರೈವಿನ ವಿಡಿಯೊಗಳನ್ನು ಟಿವಿಯಲ್ಲಿ ತಾನೇ ಮತ್ತೆ ಮತ್ತೆ ತೋರಿಸುವ ಯಂತ್ರ, ತರಿಸಿದೆವು. ಅಂಗೈಯಗಲದ ಕಪ್ಪು ಡಬ್ಬಿ, ಅದಕ್ಕೊಂದು ಎಚ್‌ಡಿಎಂಐ ಕಿಂಡಿ, ಸ್ಪೀಕರಿಗೆ 3.5 ಮಿ.ಮೀ. ಕಿಂಡಿ, ಎರಡು ಯುಎಸ್‌ಬಿ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಇದೇ ಬಗೆಯ ಡಬ್ಬಿ ಹತ್ತಾರು ಹೆಸರಿನಲ್ಲಿ ಬರುತ್ತದೆ ಮತ್ತು ಎಲ್ಲದರ ರಟ್ಟಿನ ಮೇಲೂ ‘ಎಲ್ಲ ಫಾರ್ಮ್ಯಾಟ್ ನಡೆಯುತ್ತದೆ’ ಎಂಬ ಒಂದೇ ಮಾತಿರುತ್ತದೆ.

ಆ ಮಾತು ಎಷ್ಟು ನಿಜ ಎಂಬುದು ಮೊದಲ ದಿನವೇ ತಿಳಿಯಿತು. ವಿಡಿಯೊಗ್ರಾಫರ್ ಕೊಟ್ಟ ನಾಲ್ಕು ಫೈಲುಗಳೂ ಎಂಪಿ4. ಒಂದು ಸರಿಯಾಗಿ ಓಡಿತು. ಒಂದರಲ್ಲಿ ಧ್ವನಿ ಮಾತ್ರ ಬಂದು ಪರದೆ ಕಪ್ಪಾಗಿ ಉಳಿಯಿತು. ಉಳಿದೆರಡರಲ್ಲಿ ಚಿತ್ರ ಸೊಗಸಾಗಿದ್ದರೂ ಧ್ವನಿಯೇ ಇಲ್ಲ. ಲಾಳಿ ಓಡುತ್ತಿದೆ, ಹಲಗೆ ಬಡಿಯುತ್ತಿದೆ, ಆದರೆ ಸದ್ದಿಲ್ಲ. ಸೀರೆ ಮಡಚಿಡುತ್ತಿದ್ದ ನಮ್ಮ ಹಿರಿಯ ಕೆಲಸದವರು ಒಮ್ಮೆ ತಲೆಯೆತ್ತಿ ನೋಡಿ, “ಮಗ್ಗಕ್ಕ ಬಾಯಿ ಹೋಗೇತೇನ್ರಿ?” ಎಂದರು.

ಎಂಪಿ4 ಎಂಬುದು ಬರಿಯ ಗಂಟು. ಒಳಗಿನ ಮಾಲು ಏನೆಂದು ಗಂಟಿನ ಮೇಲಿನ ಹೆಸರು ಹೇಳುವುದಿಲ್ಲ. ಚಿತ್ರವನ್ನು ಎಚ್.264 ವಿಧಾನದಲ್ಲಿ ಅಡಕಿಸಿರಬಹುದು, ಎಚ್.265ರಲ್ಲಿ ಅಡಕಿಸಿರಬಹುದು, ಧ್ವನಿ ಅಡಕಿಸಿದ ಎಎಸಿ ಆಗಿರಬಹುದು, ಅಡಕಿಸದ ಪಿಸಿಎಂ ಆಗಿರಬಹುದು. ಕಪ್ಪು ಪರದೆಯ ಫೈಲು ಎಚ್.264 ಹೌದು, ಆದರೆ ಕ್ಯಾಮೆರಾ ಅದನ್ನು ಬಣ್ಣದ ವಿವರ ಹೆಚ್ಚು ಉಳಿಯುವ 10 ಬಿಟ್‌ನ 4:2:2 ರೂಪದಲ್ಲಿ ದಾಖಲಿಸಿತ್ತು. ಸಂಕಲನ ಮಾಡುವವರಿಗೆ ಅದು ಅನುಕೂಲ, ಡಬ್ಬಿಯೊಳಗಿನ ಚಿಪ್‌ಗೆ ಮಾತ್ರ 8 ಬಿಟ್‌ನ 4:2:0 ಒಂದೇ ಗೊತ್ತು. ಮೂಕವಾದ ಎರಡು ಫೈಲುಗಳಲ್ಲಿ ಧ್ವನಿ ಪಿಸಿಎಂ ರೂಪದಲ್ಲಿತ್ತು. ಕ್ಯಾಮೆರಾಗಳು ಎಂಪಿ4 ಗಂಟಿನಲ್ಲಿ ಪಿಸಿಎಂ ಇಡುವುದು ಸಾಮಾನ್ಯ. ಅದೇ ಧ್ವನಿಯನ್ನು ಬಿಡಿ ಫೈಲಾಗಿ ಕೊಟ್ಟರೆ ನುಡಿಸುವ ಈ ಡಬ್ಬಿ, ಎಂಪಿ4 ಒಳಗಿದ್ದರೆ ತಿರುಗಿಯೂ ನೋಡುವುದಿಲ್ಲ. ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ 48 ಕಿಲೋಹರ್ಟ್ಸ್ ಎಎಸಿಗೆ ಬದಲಿಸಿದಾಗ ಮಗ್ಗಕ್ಕೆ ಬಾಯಿ ಬಂತು. ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷವೂ ಹಿಡಿಯದ ಈ ಕೆಲಸವನ್ನು ಮಾರಿದವರು ಹೇಳಿಕೊಡಬಹುದಿತ್ತು. ಫೋನ್ ಮಾಡಿದಾಗ ಬಂದ ಉತ್ತರ ‘ಫೈಲೇ ಕೆಟ್ಟಿದೆ’ ಎಂಬುದಷ್ಟೇ.

ಸಿನಿಮಾ ಡಿವಿಡಿಗಳಲ್ಲಿ ಬರುವ ಡಾಲ್ಬಿಯ ಎಸಿ-3 ಧ್ವನಿಯದು ಇನ್ನೊಂದು ಬಗೆಯ ಮೋಸ. ಡಬ್ಬಿ ಅದನ್ನು ತಾನು ಬಿಡಿಸದೆ ಇದ್ದಂತೆಯೇ ಎಚ್‌ಡಿಎಂಐ ಮೂಲಕ ಟಿವಿಗೆ ದಾಟಿಸುತ್ತದೆ. ಟಿವಿಗೆ ಅದು ತಿಳಿದಿದ್ದರೆ ಟಿವಿಯ ಸ್ಪೀಕರಿನಲ್ಲಿ ಕೇಳಿಸುತ್ತದೆ, 3.5 ಮಿ.ಮೀ. ಕಿಂಡಿಗೆ ಜೋಡಿಸಿದ ಸ್ಪೀಕರಿನಲ್ಲಿ ಏನೂ ಬರುವುದಿಲ್ಲ. ಹೊರಗಿನ ಸ್ಪೀಕರ್ ಬಳಸುವವರು ಎಎಸಿಯನ್ನೇ ನೆಚ್ಚಿಕೊಳ್ಳುವುದು ಒಳಿತು.

ಚಿತ್ರದ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಡವರಿಕೆ. ತೋಪು ತೆನಿ ಸೆರಗಿನ ಮೇಲೆ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುವ ಒಂದು ದೃಶ್ಯವಿದೆ. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಏನೂ ಅನ್ನಿಸಿರಲಿಲ್ಲ. ಟಿವಿಯಲ್ಲಿ ಕೆಂಪಿನ ನಡುವಿನ ಬಿಳಿ ತೆನೆಗಳು ಕುಂಟುತ್ತ ಸಾಗುತ್ತಿದ್ದವು. ಡಬ್ಬಿ ನಿಧಾನವಾಗಿದೆ ಎಂದು ಬೈದುಕೊಂಡೆ, ಆದರೆ ಕಾರಣ ಅದಲ್ಲ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪದ ಮಿಣುಕು ಬೀಳದಿರಲೆಂದು ವಿಡಿಯೊಗ್ರಾಫರುಗಳು ಸೆಕೆಂಡಿಗೆ 25 ಚೌಕಟ್ಟುಗಳಂತೆ ಚಿತ್ರೀಕರಿಸುತ್ತಾರೆ. ಡಬ್ಬಿಯ ಕಾರ್ಖಾನೆ ಸೆಟ್ಟಿಂಗ್ 60 ಹರ್ಟ್ಸ್, ಅಂದರೆ ಪರದೆಗೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಕಳಿಸುವುದು. ಇಪ್ಪತ್ತೈದು ಅರವತ್ತರಲ್ಲಿ ಸಮನಾಗಿ ಕೂರುವುದಿಲ್ಲ; ಒಂದು ಚೌಕಟ್ಟು ಎರಡು ಸಲ, ಮುಂದಿನದು ಮೂರು ಸಲ ಎಂಬಂತೆ ಕಾಣಿಸಿಕೊಳ್ಳುತ್ತ ಹೋಗುತ್ತದೆ, ಕಣ್ಣಿಗೆ ಕುಂಟುವುದು ಅದೇ. ಮೆನುವಿನಲ್ಲಿ ಮೂರು ಹಂತ ಒಳಗೆ ಹೋಗಿ 1080ಪಿ 50 ಎಂದು ಬದಲಿಸಿದ ಮೇಲೆ ಪ್ರತಿ ಚೌಕಟ್ಟೂ ಸರಿಯಾಗಿ ಎರಡೆರಡು ಸಲ ಬಂದು ಸೆರಗು ನೀರಿನಂತೆ ಸರಿಯಿತು. ಈ ಆಯ್ಕೆ ಇರುವುದು ಈ ಯಂತ್ರದ ದೊಡ್ಡ ಗುಣ ಎಂದೇ ನಾನು ಹೇಳುತ್ತೇನೆ. ಪರಿಚಯದವರೊಬ್ಬರ ಅಗ್ಗದ ಆಂಡ್ರಾಯ್ಡ್ ಡಬ್ಬಿಯಲ್ಲಿ ಹುಡುಕಿದರೂ ಸಿಗಲಿಲ್ಲ.

ಬಣ್ಣದ ಬಗ್ಗೆ ಸೀರೆ ಮಾರುವವರಿಗಷ್ಟೇ ಹೊಳೆಯುವ ಒಂದು ಸೂಕ್ಷ್ಮವಿದೆ. 4:2:0 ವಿಧಾನದಲ್ಲಿ ಬೆಳಕಿನ ವಿವರ ಪೂರ್ತಿಯಾಗಿ ಉಳಿಯುತ್ತದೆ, ಬಣ್ಣದ ವಿವರ ಉದ್ದಗಲ ಎರಡರಲ್ಲೂ ಅರ್ಧಕ್ಕಿಳಿಯುತ್ತದೆ. ಮುಖ, ಮರ, ಆಕಾಶದಲ್ಲಿ ಇದು ತಿಳಿಯದು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲಿನ ಎಳೆಯಗಲದ ಕೆಂಪು ಗೆರೆಯಲ್ಲಿ ಮಾತ್ರ ಬಣ್ಣ ಅಂಚಿನಿಂದಾಚೆ ಕದಡಿದಂತೆ ಕಾಣುತ್ತದೆ. ನಮ್ಮ ಟಿವಿ 1080ಪಿ ಆದರೂ ಅದೇ ದೃಶ್ಯದ 4ಕೆ (ಉದ್ದಗಲ ಎರಡರಲ್ಲೂ 1080ಪಿಯ ಎರಡರಷ್ಟು ಚುಕ್ಕಿಗಳಿರುವ) ಫೈಲನ್ನು ಎಚ್.265ರಲ್ಲಿ ಕೊಟ್ಟು ನೋಡಿದೆ. ಡಬ್ಬಿ ಅದನ್ನು ಕುಗ್ಗಿಸಿ ತೋರಿಸಿದಾಗ ಗೆರೆ ಚೊಕ್ಕಟವಾಗಿ ನಿಂತಿತು, ಏಕೆಂದರೆ 4ಕೆಯ ಅರ್ಧ ಬಣ್ಣವೂ ಈ ಟಿವಿಗೆ ಪೂರ್ತಿ ಬಣ್ಣವೇ. ಖಣದ ಸಣ್ಣ ಬುಟ್ಟಾಗಳಿರುವ ದೃಶ್ಯಗಳಲ್ಲಿ ಮಾತ್ರ ಹೀಗೆ ಕುಗ್ಗಿಸುವಾಗ ಇಲ್ಲದ ಅಲೆಗಳು ಎದ್ದವು; ಅವನ್ನು ಮೊದಲೇ 1080ಪಿಗೆ ಇಳಿಸಿಕೊಟ್ಟಿದ್ದೇನೆ.

ಮೊಬೈಲ್ ವಿಡಿಯೊಗಳ ವಿಷಯದಲ್ಲಿ ಯಂತ್ರ ಸೋಲುತ್ತದೆ. ಬೆಳಕು ಕಡಿಮೆಯಾದಾಗ ಮೊಬೈಲು ಚೌಕಟ್ಟುಗಳ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಈ ಡಬ್ಬಿ ಫೈಲಿನ ಆರಂಭದಲ್ಲಿ ಹೇಳಿದ ವೇಗವನ್ನೇ ಕೊನೆಯವರೆಗೂ ನಂಬುವಂತೆ ಕಾಣುತ್ತದೆ. ನೇಕಾರರ ಮನೆಯ ಮಂದ ಬೆಳಕಿನಲ್ಲಿ ನಾನೇ ತೆಗೆದ ಆರು ನಿಮಿಷದ ವಿಡಿಯೊದಲ್ಲಿ ಮೊದಲು ಹಲಗೆ ಬಡಿದಾಗಲೇ ‘ಟಕ್’ ಎನ್ನುತ್ತಿತ್ತು. ನಾಲ್ಕನೆಯ ನಿಮಿಷದ ಹೊತ್ತಿಗೆ ಹಲಗೆ ಹಿಂದಕ್ಕೆ ಸರಿದ ಮೇಲೆ ‘ಟಕ್’ ಬರತೊಡಗಿತು. ವೇಗವನ್ನು 25ಕ್ಕೆ ಕಟ್ಟಿಹಾಕಿ ಮತ್ತೆ ಎನ್‌ಕೋಡ್ ಮಾಡಿದಾಗ ಸರಿಹೋಯಿತು. ಸೈನೇಜ್ ಎಂಬ ಹೆಸರಿಟ್ಟು ಮಾರುವ ಯಂತ್ರಕ್ಕೆ ಇಷ್ಟು ಬಾರದಿರುವುದು ಕ್ಷಮಿಸುವಂಥದ್ದಲ್ಲ. ಸಣ್ಣ ಅಂಗಡಿಯವರು ತೋರಿಸುವುದು ಬಹುಪಾಲು ಮೊಬೈಲಿನ ವಿಡಿಯೊವನ್ನೇ.

ಪೆನ್ ಡ್ರೈವನ್ನು ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಕ್ಯಾಮೆರಾದ 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಫೈಲು ಹನ್ನೆರಡು ನಿಮಿಷ ದಾಟುವುದರೊಳಗೆ ಆ ಮಿತಿ ಮುಟ್ಟುತ್ತದೆ. 8 ಎಂಬಿಪಿಎಸ್‌ಗೆ ಇಳಿಸಿದರೆ ಒಂದು ಗಂಟೆಯದೂ 3.6 ಜಿಬಿಯಲ್ಲಿ ಮುಗಿಯುತ್ತದೆ. ಎಕ್ಸ್‌ಫ್ಯಾಟ್ ಅನ್ನು ಈ ಡಬ್ಬಿ ಓದುವುದೇ ಇಲ್ಲ, ಎನ್‌ಟಿಎಫ್‌ಎಸ್ ಓದುತ್ತದೆ.

ಕರೆಂಟ್ ಹೋಗಿ ಬಂದಾಗ ತಾನೇ ಎದ್ದು ಆರಂಭಿಸುತ್ತದೆ ಎಂಬ ಭರವಸೆ ನಿಜ, ಆದರೆ ಅದರಲ್ಲೊಂದು ಕೊಕ್ಕೆಯಿತ್ತು. ಡಬ್ಬಿ ಟಿವಿಗಿಂತ ಬೇಗ ಎದ್ದು, ನಿದ್ದೆಗಣ್ಣಿನ ಟಿವಿಯನ್ನು ‘ನಿನಗೆ ಯಾವ ಚಿತ್ರ, ಯಾವ ಧ್ವನಿ ನಡೆಯುತ್ತದೆ’ ಎಂದು ಎಚ್‌ಡಿಎಂಐ ತಂತಿಯಲ್ಲಿ ಕೇಳುತ್ತದೆ. ಉತ್ತರ ಬಾರದಿದ್ದರೆ ಧ್ವನಿಯಿಲ್ಲದ ಟಿವಿ ಎಂದು ತೀರ್ಮಾನಿಸಿ ಮೂಕವಾಗಿ ಓಡುತ್ತದೆ. ಮೂರು ವಾರ ಇದನ್ನು ತಂತಿಯ ದೋಷವೆಂದೇ ತಿಳಿದು ಎರಡು ತಂತಿ ಬದಲಿಸಿದೆ. ಕೊನೆಗೆ ಧ್ವನಿಯ ಸೆಟ್ಟಿಂಗನ್ನು ‘ಆಟೊ’ದಿಂದ ತೆಗೆದು ಪಿಸಿಎಂ ಎಂದು ಖಾಯಂ ಮಾಡಿದ ಮೇಲೆ ತೊಂದರೆ ಮರುಕಳಿಸಿಲ್ಲ. ಏಪ್ರಿಲ್ ತಿಂಗಳ ಬಿಸಿಲಿಗೆ ಟಿವಿಯ ಬೆನ್ನಿಗೆ ಅಂಟಿಸಿದ್ದ ಡಬ್ಬಿ ಮಧ್ಯಾಹ್ನ 4ಕೆ ಫೈಲುಗಳಲ್ಲಿ ತಡವರಿಸುತ್ತಿತ್ತು. ಪಕ್ಕದ ಕಪಾಟಿನ ಮೇಲೆ ಗಾಳಿಯಾಡುವಲ್ಲಿ ಇಟ್ಟ ಮೇಲೆ ನಿಂತಿತು.

ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಕ್ಷಣಕಾಲ ಕಪ್ಪಾಗದಿರಬೇಕಾದರೆ ಎಲ್ಲ ಫೈಲುಗಳ ಅಳತೆ, ವೇಗ, ಕೊಡೆಕ್ (ಅಡಕಿಸುವ ವಿಧಾನ) ಒಂದೇ ಆಗಿರಬೇಕು. ಹಾಗೆ ಕೊಟ್ಟಾಗ ಈ ಯಂತ್ರ ಬೆಳಗಿನ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಒಮ್ಮೆಯೂ ತಡೆಯದೆ ಓಡುತ್ತದೆ. ಎಂಟೂವರೆ ಸಾವಿರ ರೂಪಾಯಿಗೆ ಅದು ಕಡಿಮೆ ಮಾತಲ್ಲ, ಫೈಲು ಬದಲಿಸಿಕೊಡಲು ಮನೆಯಲ್ಲಿ ಒಬ್ಬರಾದರೂ ಬಲ್ಲವರಿದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ವಿಡಿಯೊ ಮಾಡಿಕೊಡುವವರಿಗೆ ಮುಂಗಡ ಕೊಡುವ ದಿನವೇ ‘ಎಚ್.264, 8 ಬಿಟ್, 25 ಚೌಕಟ್ಟು, ಎಎಸಿ’ ಎಂದು ಚೀಟಿಯಲ್ಲಿ ಬರೆದುಕೊಡಬೇಕು. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಬಗೆಹರಿಯದೆ ಉಳಿದಿರುವುದು ಒಂದೇ: ಫೈಲಿನಿಂದ ಫೈಲಿಗೆ ಧ್ವನಿಯ ಏರಿಳಿತವನ್ನು ಸಮ ಮಾಡುವ ಸೌಲಭ್ಯ ಇದರಲ್ಲಿಲ್ಲ. ಮಗ್ಗದ ಸದ್ದು ಮುಗಿದು ಹಬ್ಬದ ರಿಯಾಯಿತಿಯ ಜಾಹೀರಾತು ಶುರುವಾದ ಕೂಡಲೇ ನಮ್ಮ ಹಿರಿಯರು ಈಗಲೂ ರಿಮೋಟಿಗೆ ಕೈ ಹಾಕುತ್ತಾರೆ.