ಹಳೆಯ ವ್ಯಾಗನ್‌ನ ಕೂಲಂಟ್ ಎಲ್ಲಿ ಹೋಗುತ್ತಿದೆ? ಮನೆಯಲ್ಲೇ ಹುಡುಕಿದ ದಾರಿಗಳು

ರೇಡಿಯೇಟರಿನಲ್ಲಿ ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಇಳಿಯುತ್ತಲೇ ಇದೆ, ಕಾರು ನಿಲ್ಲಿಸಿದ ಜಾಗದಲ್ಲಿ ಮಾತ್ರ ಒಂದು ಹನಿಯೂ ಕಾಣುವುದಿಲ್ಲ ಎನ್ನುವವರು ಬೇರೆ ಯಾವುದಕ್ಕೂ ಮೊದಲು ಕೈಪಂಪಿನ ಪ್ರೆಷರ್ ಟೆಸ್ಟರ್ ಕೊಳ್ಳಬೇಕು. ನಾನು ಅದನ್ನು ಕೊನೆಗೆ ಕೊಂಡೆ. ಅದಕ್ಕೆ ಮೊದಲು ಬೇರೆ ದಾರಿಗಳಲ್ಲಿ ಸುಮಾರು ಎರಡು ತಿಂಗಳ ಭಾನುವಾರಗಳು ಕಳೆದುಹೋದವು. ಬೇರೆಯವರಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು 2004ರ ಮಾದರಿಯ ಮಾರುತಿ ಬಲೆನೊ ಅಲ್ಟುರಾ ಸ್ಟೇಷನ್ ವ್ಯಾಗನ್, 1.6 ಲೀಟರ್ ಪೆಟ್ರೋಲ್. ನಮ್ಮ ದೇಶದಲ್ಲಿ ಸ್ಟೇಷನ್ ವ್ಯಾಗನ್‌ಗಳಿಗೆ ಮನ್ನಣೆ ಸಿಕ್ಕಿದ್ದು ಕಡಿಮೆ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, 2004ರಲ್ಲಿ ಇಂಡಿಗೊ ಮರೀನಾ ಬಂತು, ನಡುವೆ ಇನ್ನೂ ಕೆಲವು ಬಂದವು. ಯಾವುದೂ ಬಹಳ ಕಾಲ ನಿಲ್ಲಲಿಲ್ಲ. ನಮ್ಮ ಮನೆಗೆ ಮಾತ್ರ ಇದರಂಥ ಗಾಡಿ ಇನ್ನೊಂದಿಲ್ಲ. ಹಿಂದಿನ ಸೀಟು ಮಡಚಿದರೆ ತಿಪಟೂರಿನ ತೋಟದಿಂದ ತೆಂಗಿನಕಾಯಿ ಚೀಲಗಳನ್ನು ಮಲಗಿಸಿಕೊಂಡು ಬರಬಹುದು. ಮಂಡಿನೋವಿರುವ ಅಮ್ಮ ಎತ್ತರದ ಎಸ್‌ಯುವಿಗಳಿಗೆ ಹತ್ತಲಾರರು. ಇದರ ಸೀಟಿನ ಮೇಲೆ ಮೊದಲು ಕುಳಿತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹದಿನೈದು ವರ್ಷ ತುಂಬಿದ ಮೇಲೂ ನೋಂದಣಿ ನವೀಕರಿಸಿ ಇಟ್ಟುಕೊಂಡಿದ್ದೇನೆ.

ತೊಂದರೆ ಬಯಲಾದದ್ದು ಶಿರಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ಹಿಂದಿರುಗುವಾಗ ಗುಂಡ್ಯ ದಾಟಿ ಮಾರನಹಳ್ಳಿಯ ಕಡೆ ಏರುತ್ತಿದ್ದೆವು, ಮುಂದೆ ಲಾರಿಗಳ ಸಾಲು. ಉಷ್ಣಾಂಶದ ಮುಳ್ಳು ಕೆಂಪಿನ ಕಡೆ ಹೊರಟಿತು. ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಮುಕ್ಕಾಲು ಗಂಟೆ ಕಾದು, ಎಂಜಿನ್ ತಣಿದ ಮೇಲೆ ಮುಚ್ಚಳ ತೆಗೆದರೆ ಒಂದೂವರೆ ಲೀಟರ್ ಖಾಲಿ. ಊರಿಗೆ ಬಂದ ಮೇಲೆ ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತಿ ಐದು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಎಲ್ಲ ಸೇರಿ 28 ಸಾವಿರ ಆಗುತ್ತದೆ" ಎಂದರು. ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವೆ ಕೂತು ಹೊಗೆ, ಕೂಲಂಟ್ ಬೆರೆಯದಂತೆ ತಡೆಯುವ ಪದರವೇ ಹೆಡ್ ಗ್ಯಾಸ್ಕೆಟ್. ಯಾವ ಪರೀಕ್ಷೆಯನ್ನೂ ಮಾಡದೆ ಹೇಳಿದ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ, ನಾನೇ ಹುಡುಕಲು ಹೊರಟೆ.

ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅದು ಓದುವುದು ಒಬಿಡಿಯನ್ನು, ಅಂದರೆ ಎಂಜಿನ್ನಿನ ದೋಷಗಳನ್ನು ಕಾರೇ ದಾಖಲಿಸಿಕೊಳ್ಳುವ ವ್ಯವಸ್ಥೆಯನ್ನು. ನಮ್ಮಲ್ಲಿ ಒಬಿಡಿ ಕಡ್ಡಾಯವಾದದ್ದು ಬಿಎಸ್-4 ಹೊಗೆ ನಿಯಮದ ಜೊತೆ, ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರಲ್ಲಿ. ನನ್ನ ಗಾಡಿ ಸ್ಕ್ಯಾನರಿನೊಂದಿಗೆ ಮಾತೇ ಆಡಲಿಲ್ಲ. ಹೊಸ ಕಾರಾಗಿದ್ದರೂ ಹೋಸ್ ಎಲ್ಲಿ ಸೋರುತ್ತಿದೆ ಎಂದು ಸ್ಕ್ಯಾನರ್ ಹೇಳುವುದಿಲ್ಲ.

ಟಾರ್ಚ್ ಮತ್ತು ರಟ್ಟಿನ ದಾರಿಗೆ ಖರ್ಚಿಲ್ಲ. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬವನ್ನು ಬಿಡಿಸಿ ರಾತ್ರಿಯಿಡೀ ಎಂಜಿನ್ನಿನ ಕೆಳಗೆ ಹಾಸಿದೆ. ಬೆಳಿಗ್ಗೆ ನೋಡಿದರೆ ಒಂದು ಹನಿ ಎಣ್ಣೆ ಬಿಟ್ಟರೆ ಬೇರೇನೂ ಇಲ್ಲ. ದೊಡ್ಡ ಸೋರಿಕೆಗೆ ಇಷ್ಟೇ ಸಾಕು, ಆದರೆ ಬಿಸಿಯಾದ ಲೋಹದ ಮೇಲೆ ಬಿದ್ದು ಅಲ್ಲೇ ಆರಿಹೋಗುವ ಸೋರಿಕೆಯನ್ನು ರಟ್ಟು ಹಿಡಿಯಲಾರದು.

ನೇರಳಾತೀತ ದೀಪ ಮತ್ತು ಹೊಳೆಯುವ ಬಣ್ಣದ ಸೆಟ್ಟಿಗೆ 650 ರೂಪಾಯಿ ಕೊಟ್ಟೆ. ಬಣ್ಣವನ್ನು ಕೂಲಂಟಿಗೆ ಬೆರೆಸಿ, ನಾಲ್ಕು ದಿನ ಗಾಡಿ ಓಡಿಸಿ, ಕತ್ತಲಲ್ಲಿ ದೀಪ ಹಿಡಿಯಬೇಕು. ಸೋರಿದ ಕಡೆ ಹಳದಿ ಹಸಿರು ಹೊಳಪು ಕಾಣುತ್ತದೆ. ಇದರಲ್ಲಿ ಎರಡು ತೊಡಕುಗಳನ್ನು ಕಂಡೆ. ಸುರಿಯುವಾಗ ನಾಲ್ಕು ಹನಿ ಹೊರಗೆ ಬಿದ್ದರೂ ಇಡೀ ರೇಡಿಯೇಟರಿನ ಮುಂಭಾಗ ದೀಪಾವಳಿಯಂತೆ ಬೆಳಗುತ್ತದೆ. ಜೊತೆಗೆ ಹಸಿರು ಕೂಲಂಟ್‌ಗಳಲ್ಲಿ ಹಲವು ತಾವಾಗಿಯೇ ಈ ಬೆಳಕಿಗೆ ಹೊಳೆಯುತ್ತವೆ, ಹಳೆಯ ಕಲೆ ಯಾವುದು ಹೊಸ ಸೋರಿಕೆ ಯಾವುದು ಎಂದು ತಿಳಿಯುವುದಿಲ್ಲ. ಎಂಜಿನ್ನಿನ ಹಿಂಭಾಗಕ್ಕಂತೂ ನನ್ನ ದೀಪದ ಬೆಳಕು ತಲುಪಲೇ ಇಲ್ಲ.

ಮುಂದಿನದು ಬ್ಲಾಕ್ ಟೆಸ್ಟರ್, ನೀಲಿ ದ್ರಾವಣವಿರುವ ಪಾರದರ್ಶಕ ಕೊಳವೆ. ಎಂಜಿನ್ ಬಿಸಿಯೇರುತ್ತಿರುವಾಗ ರೇಡಿಯೇಟರಿನ ಬಾಯಿಯ ಗಾಳಿಯನ್ನು ರಬ್ಬರ್ ಚೆಂಡು ಒತ್ತಿ ಇದರೊಳಗೆ ಎಳೆಯಬೇಕು. ಪೆಟ್ರೋಲ್ ಉರಿದ ಹೊಗೆ ಕೂಲಂಟಿನೊಳಗೆ ನುಸುಳುತ್ತಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಬಿಸಿಯಾದ ಮೇಲೆ ಕೂಲಂಟ್ ಉಬ್ಬಿ ಕೊಳವೆಯೊಳಗೆ ನುಗ್ಗದಂತೆ ಮೊದಲೇ ಮಟ್ಟ ಸ್ವಲ್ಪ ಇಳಿಸಿಕೊಳ್ಳಬೇಕು. ನಾನು ಮೂರು ಸಲ ಮಾಡಿದೆ, ಮೂರು ಸಲವೂ ಬಣ್ಣ ನೀಲಿಯಾಗಿಯೇ ಉಳಿಯಿತು. ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು. 1,100 ರೂಪಾಯಿಗೆ ಆ ನೆಮ್ಮದಿ ದುಬಾರಿಯಲ್ಲ. ಹೆಡ್ ಗ್ಯಾಸ್ಕೆಟ್ ಅಲ್ಲವೆಂದ ಮೇಲೆ ಮತ್ತೇನು ಎಂಬುದಕ್ಕೆ ಮಾತ್ರ ಇದರ ಬಳಿ ಉತ್ತರವಿಲ್ಲ.

ಇನ್ನು ಪ್ರೆಷರ್ ಟೆಸ್ಟರ್. ಸೈಕಲ್ ಪಂಪಿನಂಥ ಒಂದು ಕೈಪಂಪು, ಅದರ ತಲೆಯ ಮೇಲೆ ಗೇಜ್, ಬೇರೆ ಬೇರೆ ಕಾರುಗಳಿಗೆಂದು ಬಣ್ಣಬಣ್ಣದ ಅಡಾಪ್ಟರ್‌ಗಳು. ನನಗೆ 3,400 ರೂಪಾಯಿ ಬಿತ್ತು. ಓಡುವ ಎಂಜಿನ್ನಿನಲ್ಲಿ ಇರುವ ಒತ್ತಡವನ್ನು ತಣ್ಣನೆಯ ಎಂಜಿನ್ನಿನಲ್ಲಿ ಹುಟ್ಟಿಸುವುದೇ ಇದರ ಕೆಲಸ. ನನ್ನ ಗಾಡಿಯ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿದೆ, ಅಂದರೆ 0.9 ಬಾರ್, ಪಿಎಸ್‌ಐ ಲೆಕ್ಕದಲ್ಲಿ ಸುಮಾರು 13. ಈ ಒತ್ತಡ ಇರುವುದರಿಂದಲೇ ನೀರು 100 ಡಿಗ್ರಿಗೆ ಕುದಿಯದೆ 118 ಡಿಗ್ರಿಯ ಆಸುಪಾಸಿನವರೆಗೆ ತಡೆದುಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಸೋರಿದ್ದು ಆರಿಹೋಗುವುದಿಲ್ಲ, ಕೈ ಸುಡುವ ಭಯವೂ ಇಲ್ಲ, ಫ್ಯಾನ್ ಬೆಲ್ಟುಗಳ ನಡುವೆ ಬೆರಳು ಹಾಕುವ ಅಪಾಯವೂ ಇಲ್ಲ.

ನನಗೆ ಕಾಟ ಕೊಟ್ಟದ್ದು ಅಡಾಪ್ಟರ್. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಇದೊಂದೇ ಕಾರಣಕ್ಕೆ ನಾನು 28 ಸಾವಿರ ಕೊಡಲು ಹೊರಟಿದ್ದೆ.

ಸೆಟ್ಟಿನಲ್ಲಿದ್ದ ಹಸಿರು ಅಡಾಪ್ಟರ್ ನನ್ನ ರೇಡಿಯೇಟರಿನ ಬಾಯಿಗೆ ಸರಿಯಾಗಿ ತಿರುಗಿ ಕೂತಿತು. 13ರವರೆಗೆ ಪಂಪು ಮಾಡಿದೆ. ಐದು ನಿಮಿಷದಲ್ಲಿ ಮುಳ್ಳು 9ಕ್ಕೆ ಇಳಿಯಿತು, ಹತ್ತು ನಿಮಿಷದಲ್ಲಿ 6ಕ್ಕೆ. ಹೋಸ್‌ಗಳನ್ನೆಲ್ಲ ಬಟ್ಟೆಯಿಂದ ಒರೆಸಿ ನೋಡಿದೆ, ಒಣ. ವಾಟರ್ ಪಂಪಿನ ಕೆಳಗೆ ಕನ್ನಡಿ ಹಿಡಿದೆ, ಒಣ. ಒಳಗೆ ಕಾಲಿಡುವ ಮ್ಯಾಟ್ ಎತ್ತಿ ಹೀಟರಿನ ಕೆಳಗೆ ಮುಟ್ಟಿದೆ, ಅಲ್ಲೂ ಒಣ. ಮುಂದಿನ ಭಾನುವಾರವೂ ಇದೇ ಕಥೆ. ಒತ್ತಡ ಇಳಿಯುತ್ತಿದೆ, ಹೊರಗೆಲ್ಲೂ ತೇವವಿಲ್ಲ ಎಂದರೆ ಕೂಲಂಟ್ ಎಂಜಿನ್ನಿನ ಒಳಗೇ ಹೋಗುತ್ತಿರಬೇಕು ಎಂದುಕೊಂಡೆ. ನೀಲಿಯಾಗಿ ಉಳಿದಿದ್ದ ದ್ರಾವಣದ ಮೇಲೂ ಅನುಮಾನ ಬಂತು. ಗ್ಯಾರೇಜಿನವರು ಹೇಳಿದ್ದೇ ನಿಜವೇನೋ ಎಂದು ಸೋಮವಾರ ಅವರಿಗೆ ಫೋನ್ ಮಾಡಲು ತೀರ್ಮಾನಿಸಿದೆ.

ಅಂದು ಸಂಜೆ ಕರೆಂಟ್ ಹೋಯಿತು. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಉಪಕರಣ ಬಿಚ್ಚುವ ಮೊದಲು ಇನ್ನೊಂದು ಸಲ ಪಂಪು ಮಾಡಿದಾಗ ಎಲ್ಲೋ ಗುಳುಗುಳು ಎಂಬ ಸಣ್ಣ ಸದ್ದು. ಮೊಬೈಲಿನ ಬೆಳಕು ಬಿಟ್ಟು ಹುಡುಕಿದರೆ ಹೆಚ್ಚುವರಿ ಕೂಲಂಟ್ ಸೇರುವ ಪ್ಲಾಸ್ಟಿಕ್ ಬಾಟಲಿಯೊಳಗೆ ಎಳ್ಳಿನ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

ಆಗ ಅರ್ಥವಾಯಿತು. ರೇಡಿಯೇಟರಿನ ಬಾಯಿಯಲ್ಲಿ ಎರಡು ಅಂಚುಗಳಿವೆ. ಮೇಲೊಂದು, ಸ್ವಲ್ಪ ಒಳಗೆ ಇನ್ನೊಂದು. ಆ ಎರಡರ ನಡುವಿನಿಂದಲೇ ಬಾಟಲಿಗೆ ಹೋಗುವ ಸಣ್ಣ ಕೊಳವೆ ಹೊರಡುತ್ತದೆ. ಕಾರಿನ ಮುಚ್ಚಳದ ಸ್ಪ್ರಿಂಗ್ ಒಳಗಿನ ಅಂಚನ್ನು ಒತ್ತಿ ಹಿಡಿಯುತ್ತದೆ. ನನ್ನ ಅಡಾಪ್ಟರಿನ ರಬ್ಬರ್ ಮೇಲಿನ ಅಂಚಿಗೆ ಬಿಗಿಯಾಗಿ ಕೂತಿತ್ತು, ಒಳಗಿನ ಅಂಚಿಗೆ ಪೂರ್ತಿ ಬಿಗಿಯಾಗಿ ಒತ್ತಿರಲಿಲ್ಲ. ಪಂಪು ಮಾಡಿದ ಗಾಳಿ ಸ್ವಲ್ಪಸ್ವಲ್ಪವಾಗಿ ಆ ಸಣ್ಣ ಕೊಳವೆಯ ಮೂಲಕ ಬಾಟಲಿಗೆ ಹೋಗುತ್ತಿತ್ತು. ಎರಡು ವಾರ ನಾನು ಅಳೆದದ್ದು ಉಪಕರಣದ ಸೋರಿಕೆಯನ್ನು, ಕಾರಿನದನ್ನಲ್ಲ.

ಪರಿಹಾರಕ್ಕೆ ಹತ್ತು ನಿಮಿಷ ಸಾಕಾಯಿತು. ಬಾಟಲಿಯ ಕೊಳವೆಯನ್ನು ರೇಡಿಯೇಟರಿನ ಬಾಯಿಯಿಂದ ಕಳಚಿ, ಆ ಮೂತಿಗೆ ಸ್ಕೂಟರಿನ ಪೆಟ್ರೋಲ್ ಪೈಪಿನ ಗೇಣುದ್ದದ ತುಂಡು ಹಾಕಿ, ಇನ್ನೊಂದು ತುದಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ. ಮತ್ತೆ 13ಕ್ಕೆ ಪಂಪು ಮಾಡಿದಾಗ ಮುಳ್ಳು ಕಾಲು ಗಂಟೆಯಲ್ಲಿ 11ಕ್ಕೆ ಮಾತ್ರ ಇಳಿಯಿತು. ಈ ಸಲ ಕನ್ನಡಿಯನ್ನು ಎಂಜಿನ್ನಿನ ಹಿಂದೆ, ಕ್ಯಾಬಿನ್ ಗೋಡೆಯ ಕಡೆ ಇಳಿಸಿದರೆ ಹೀಟರ್ ಹೋಸ್ ಕಬ್ಬಿಣದ ಕೊಳವೆಗೆ ಸೇರುವ ಕಡೆ, ಕ್ಲಿಪ್ಪಿನ ಅಂಚಿನಲ್ಲಿ ಒಂದು ಹಸಿರು ಮಣಿ. ಅದು ನಿಧಾನವಾಗಿ ದಪ್ಪವಾಗಿ ಗೇರ್‌ಬಾಕ್ಸಿನ ಮೇಲೆ ಬಿತ್ತು. ಅಲ್ಲಿ ಬೆಳ್ಳಗೆ ಹಕ್ಕಳೆಗಟ್ಟಿದ ಹಳೆಯ ಕಲೆಯೂ ಇತ್ತು. ಗಾಡಿ ಬಿಸಿಯಾಗಿದ್ದಾಗ ಇಲ್ಲಿ ಬಿದ್ದದ್ದು ಇಲ್ಲೇ ಆರುತ್ತಿತ್ತು.

ಹೋಸ್ ಬಿಚ್ಚಿ ನೋಡಿದರೆ ಕೊಳವೆಯ ತುದಿ ತುಕ್ಕು ತಿಂದು ಗುಳಿಗುಳಿಯಾಗಿತ್ತು. ಹಿಂದಿನ ಮಾಲೀಕರು ವರ್ಷಗಟ್ಟಲೆ ಕೊಳವೆಬಾವಿ ನೀರನ್ನೇ ಸುರಿಯುತ್ತಿದ್ದರು ಎಂದು ಅವರೇ ಹೇಳಿದ್ದರು. ತುಮಕೂರಿನ ನೀರು ಎಷ್ಟು ಗಡುಸು ಎಂಬುದು ಇಲ್ಲಿನ ಅಡುಗೆಮನೆಯ ಪಾತ್ರೆಗಳನ್ನು ನೋಡಿದವರಿಗೆಲ್ಲ ಗೊತ್ತು. ಉಜ್ಜುಕಾಗದದಿಂದ ತುಕ್ಕು ತೆಗೆದು ನುಣುಪಾಗಿಸಿ, ಹೊಸ ಹೋಸನ್ನು ಎರಡು ಬೆರಳಿನಷ್ಟು ಮುಂದಕ್ಕೆ, ಲೋಹ ಗಟ್ಟಿಯಾಗಿರುವ ಭಾಗದವರೆಗೆ ತಳ್ಳಿ, ಹೊಸ ಕ್ಲಿಪ್ ಬಿಗಿದೆ. ಹೋಸು, ಕ್ಲಿಪ್ಪು ಸೇರಿ 420 ರೂಪಾಯಿ.

ಅದೇ ಟೆಸ್ಟರಿನಿಂದ ಮುಚ್ಚಳವನ್ನೂ ಪರೀಕ್ಷಿಸಬಹುದು. ನನ್ನ ಹಳೆಯ ಮುಚ್ಚಳ 13ರ ಬದಲು 8ಕ್ಕೇ ಬಾಯಿ ಬಿಟ್ಟಿತು. ಹೊಸದಕ್ಕೆ 280 ರೂಪಾಯಿ.

ಹಾಗೆಂದು ಇದೇ ಎಲ್ಲರಿಗೂ ಸರಿ ಎನ್ನಲಾರೆ. ನನಗೆ ಸೂರಿರುವ ಕಾರ್ ಶೆಡ್ ಇದೆ, ಭಾನುವಾರ ಖಾಲಿ, ವಾರದ ಓಡಾಟಕ್ಕೆ ಸ್ಕೂಟರ್ ಇದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವವರಿಗೆ, ದಿನವೂ ಗಾಡಿ ಬೇಕಾದವರಿಗೆ ಬ್ಲಾಕ್ ಟೆಸ್ಟರ್ ಒಂದು ಸಾಕು. ಹೆಡ್ ಗ್ಯಾಸ್ಕೆಟ್ ಸರಿಯಿದೆಯೋ ಇಲ್ಲವೋ ಎಂದು ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಮಾತಿನಲ್ಲಿ ಧೈರ್ಯವಿರುತ್ತದೆ. ಸಾವಿರ ರೂಪಾಯಿಯನ್ನೂ ಖರ್ಚು ಮಾಡಲಾಗದವರು ಮೊದಲು ಮುಚ್ಚಳ ಬದಲಿಸಿ ನೋಡಲಿ. ಬಣ್ಣದ ದೀಪವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಘಾಟಿಯಲ್ಲಿ ಸಿಕ್ಕಿಬಿದ್ದಾಗ ಸೋರಿಕೆ ಮುಚ್ಚಲು ರೇಡಿಯೇಟರಿಗೆ ಅರಿಶಿನಪುಡಿ ಹಾಕುವ ರೂಢಿ ಇದೆಯಲ್ಲ, ಅಂದು ಒಬ್ಬ ಲಾರಿ ಚಾಲಕರು ಪ್ರೀತಿಯಿಂದ ಕೊಟ್ಟರು, ನಾನೂ ಹಾಕಿದೆ, ಮನೆ ಸೇರಿದೆವು. ಆ ಹಳದಿ ಕೆಸರು ಪೂರ್ತಿ ಹೋಗಲು ಮೂರು ಸಲ ಫ್ಲಶ್ ಮಾಡಬೇಕಾಯಿತು. ಹೀಟರಿನ ಸಣ್ಣ ಕೊಳವೆಗಳಲ್ಲಿ ಅದು ಕಟ್ಟಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚದೆ ಗತಿಯಿಲ್ಲ. ಪ್ರಾಣಕ್ಕೆ ಬಂದಾಗ ಹೊರತು ಬೇಡ.

ಟೆಸ್ಟರ್ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಕಾರಿನ ಮುಚ್ಚಳ ತೆಗೆದು, ಮೇಲಿನ ಅಂಚಿನಿಂದ ಒಳಗಿನ ಅಂಚಿಗೆ ಎಷ್ಟು ಮಿಲಿಮೀಟರ್ ಆಳವಿದೆ ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಎಂಜಿನ್ ಪೂರ್ತಿ ತಣಿದಿರಬೇಕು. ಅಡಾಪ್ಟರಿನ ರಬ್ಬರ್ ಅಷ್ಟು ಆಳಕ್ಕೆ ಇಳಿಯುತ್ತದೆಯೇ ಎಂದು ಅಂಗಡಿಯಲ್ಲೇ ಹಿಡಿದು ನೋಡಿ. ಇಳಿಯದಿದ್ದರೆ ಗೇಣುದ್ದದ ಪೆಟ್ರೋಲ್ ಪೈಪನ್ನೂ ಒಂದು ಬೋಲ್ಟನ್ನೂ ಅದರ ಜೊತೆಗೇ ತನ್ನಿ.